ಮೂರನೆಯ ವಿಷಯ: ಕಲಬುರಗಿಯಲ್ಲಿ ಭೌತಶಾಸ್ತ್ರ ಓದುವವರ ಆಯ್ಕೆಯ ಚರಿತ್ರೆ

ಪಿಯುಸಿ ಫಲಿತಾಂಶ ಬಂದ ಮೇಲೆ ಕಲಬುರಗಿಯ ವಿಜ್ಞಾನ ಕಾಲೇಜುಗಳಲ್ಲಿ ಒಂದೇ ಪ್ರಶ್ನೆ ಸಾವಿರ ಸಲ ಕೇಳಿಬರುತ್ತದೆ: "ಯಾವ ಕಾಂಬಿನೇಷನ್ ತಗೊಂಡಿ ತಮ್ಮಾ?" ಭೌತಶಾಸ್ತ್ರ ಓದಬೇಕೆಂದು ಬಂದ ಹುಡುಗ ಬರೀ ಭೌತಶಾಸ್ತ್ರ ಎಂದರೆ ಸಾಲದು. ಅದರ ಜೊತೆಗೆ ಇನ್ನೇನು ಎಂಬುದನ್ನೂ ಹೇಳಬೇಕು. ಗಣಿತವಂತೂ ಇದ್ದೇ ಇರುತ್ತದೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ತಕರಾರು ಇರುವುದು ಮೂರನೆಯದರಲ್ಲಿ. ರಸಾಯನಶಾಸ್ತ್ರವೋ, ಎಲೆಕ್ಟ್ರಾನಿಕ್ಸೋ, ಕಂಪ್ಯೂಟರ್ ಸೈನ್ಸೋ? ಪಿಸಿಎಂ, ಪಿಎಂಇ, ಪಿಎಂಸಿಎಸ್ ಎಂಬ ಅಕ್ಷರಗಳ ಈ ಗುಂಪುಗಳು ಹೊರಗಿನವರಿಗೆ ಒಗಟಿನಂತೆ ಕಾಣಬಹುದು. ಈ ಭಾಗದ ಮನೆಗಳಲ್ಲಿ ಅವು ಜಾತಕದಷ್ಟೇ ಗಂಭೀರ.

ಈ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಸಲಹೆಯ ವಿಷಯವಾಗಿ ನೋಡುತ್ತೇವೆ. ಕಾಕಾ ಒಂದು ಹೇಳುತ್ತಾನೆ, ಪಕ್ಕದ ಮನೆಯ ಇಂಜಿನಿಯರ್ ಇನ್ನೊಂದು ಹೇಳುತ್ತಾನೆ. ಆದರೆ ಇದಕ್ಕೊಂದು ಚರಿತ್ರೆಯೂ ಇದೆ. ಕಲಬುರಗಿಯಲ್ಲಿ ಭೌತಶಾಸ್ತ್ರ ಓದುವವರ ಮುಂದೆ ಇದ್ದ ದಾರಿಗಳು ಪ್ರತಿ ತಲೆಮಾರಿಗೂ ಬದಲಾಗಿವೆ. ಬದಲಾಯಿಸಿದ್ದು ಹೆಚ್ಚಿನ ಸಲ ಭೌತಶಾಸ್ತ್ರವಲ್ಲ. ರಾಜ್ಯದ ಗಡಿ, ಆಡಳಿತದ ಭಾಷೆ, ನೌಕರಿಯ ನಿಯಮ, ಸರ್ಕಾರದ ಆದೇಶ. ನೂರು ವರ್ಷದ ಈ ದಾರಿಯನ್ನು ಒಮ್ಮೆ ಹಿಂದಕ್ಕೆ ನಡೆದು ನೋಡಿದರೆ ಇವತ್ತಿನ ಹುಡುಗ ಹುಡುಗಿಯರ ಗೊಂದಲ ಅವರ ದಡ್ಡತನದಿಂದ ಬಂದದ್ದಲ್ಲ ಎಂಬುದು ತಿಳಿಯುತ್ತದೆ.

ತಬೀಯಾತ್ ಎಂಬ ಭೌತಶಾಸ್ತ್ರ

1918ರಲ್ಲಿ ಎರಡು ಕಡೆ ಎರಡು ಪ್ರಯತ್ನಗಳು ಶುರುವಾದವು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆ ಸೇರಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ವಿಜ್ಞಾನವನ್ನು ಕನ್ನಡದಲ್ಲಿ ಹೇಳಲು ಸಾಧ್ಯ ಎಂದು ತೋರಿಸುವುದು ಅವರ ಉದ್ದೇಶ. ಪತ್ರಿಕೆ ಎರಡು ವರ್ಷಕ್ಕಿಂತ ಹೆಚ್ಚು ಬಾಳಲಿಲ್ಲ. ಅದೇ 1918ರಲ್ಲಿ ಹೈದರಾಬಾದಿನಲ್ಲಿ ನಿಜಾಮ ಸರ್ಕಾರ ಉಸ್ಮಾನಿಯಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿತು. ಅಲ್ಲಿ ಉರ್ದು ಬರೀ ಒಂದು ಪಾಠವಲ್ಲ, ಎಲ್ಲ ಪಾಠಗಳ ಮಾಧ್ಯಮ. ಒಂದು ಕಡೆ ಕೆಲವೇ ಮಂದಿಯ ಉತ್ಸಾಹ, ಇನ್ನೊಂದು ಕಡೆ ಒಂದು ಸಂಸ್ಥಾನದ ಖಜಾನೆ. ಕಲಬುರಗಿ ಆಗ ಎರಡನೆಯದರ ಕೈಯಲ್ಲಿತ್ತು.

ಉಸ್ಮಾನಿಯಾದ ತಯಾರಿ ಸಣ್ಣದಾಗಿರಲಿಲ್ಲ. ವಿಶ್ವವಿದ್ಯಾಲಯಕ್ಕೆ ಮೊದಲೇ, 1917ರಲ್ಲಿ, ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆ ಹುಟ್ಟಿತ್ತು. ಇಂಗ್ಲಿಷಿನ ಪಠ್ಯಪುಸ್ತಕಗಳನ್ನು ಉರ್ದುವಿಗೆ ತರುವುದು, ಇಲ್ಲದ ಪಾರಿಭಾಷಿಕ ಪದಗಳನ್ನು ಕಟ್ಟುವುದು ಅದರ ಕೆಲಸ. ಭೌತಶಾಸ್ತ್ರಕ್ಕೆ ತಬೀಯಾತ್, ರಸಾಯನಶಾಸ್ತ್ರಕ್ಕೆ ಕೀಮಿಯಾ, ಗಣಿತಕ್ಕೆ ರಿಯಾಜಿ. ಪದಗಳನ್ನು ಅರಬ್ಬಿ ಮೂಲದಿಂದ ಕಟ್ಟಬೇಕೋ, ಇಂಗ್ಲಿಷ್ ಪದಗಳನ್ನು ಹಾಗೇ ಇಟ್ಟುಕೊಳ್ಳಬೇಕೋ, ಜನ ಆಡುವ ಮಾತಿಗೆ ಹತ್ತಿರ ಇರಬೇಕೋ ಎಂಬ ಜಗಳ ಅಲ್ಲಿಯೂ ನಡೆಯಿತು. ಉಸ್ಮಾನಿಯಾದಲ್ಲಿ ಉರ್ದು ಕಲಿಸುತ್ತಿದ್ದ ವಹೀದುದ್ದೀನ್ ಸಲೀಂ ಪದಗಳನ್ನು ಕಟ್ಟುವ ಕ್ರಮದ ಮೇಲೆಯೇ ಒಂದು ಪುಸ್ತಕ ಬರೆದರು. ಕನ್ನಡದಲ್ಲಿ ವಿಜ್ಞಾನ ಬರೆದವರೆಲ್ಲ ಈ ಜಗಳವನ್ನು ಗುರುತಿಸಬಲ್ಲರು. 'ಜಡತ್ವ' ಎನ್ನಬೇಕೋ 'ಇನರ್ಷಿಯಾ' ಎನ್ನಬೇಕೋ ಎಂಬ ನಮ್ಮ ಚರ್ಚೆಗೆ ಹೈದರಾಬಾದಿನಲ್ಲಿ ಒಬ್ಬ ಅಣ್ಣನಿದ್ದ.

ಔರಂಗಾಬಾದ್, ವರಂಗಲ್‌ಗಳಂತೆ ಕಲಬುರಗಿಯಲ್ಲಿಯೂ ಉಸ್ಮಾನಿಯಾದ ಇಂಟರ್‌ಮೀಡಿಯೇಟ್ ಕಾಲೇಜು ಬಂತು. ಇಂಟರ್‌ಮೀಡಿಯೇಟ್ ಎಂದರೆ ಮೆಟ್ರಿಕ್ ಆದ ಮೇಲಿನ ಎರಡು ವರ್ಷ. ಅಲ್ಲಿಂದ ಮುಂದೆ ಪದವಿ ಬೇಕೆಂದರೆ ವಾಡಿ ಮಾರ್ಗದ ರೈಲು ಹತ್ತಿ ಹೈದರಾಬಾದಿಗೆ ಹೋಗಬೇಕು. ಹೀಗಾಗಿ ಆಗಿನ ಕಲಬುರಗಿಯ ಹುಡುಗನಿಗೆ ಮೊದಲ ಆಯ್ಕೆ ವಿಷಯದ್ದಲ್ಲ, ಭಾಷೆಯದು. ಹೈದರಾಬಾದಿನಲ್ಲಿ ಎರಡು ಬಾಗಿಲುಗಳಿದ್ದವು. ಒಂದು ಉಸ್ಮಾನಿಯಾ, ಅಲ್ಲಿ ಉರ್ದು. ಇನ್ನೊಂದು ನಿಜಾಂ ಕಾಲೇಜು. ಅದು 1887ರಿಂದ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಅಲ್ಲಿ ಇಂಗ್ಲಿಷ್. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಹೊರಜಗತ್ತಿನ ಸಂಶೋಧನೆಯ ಪತ್ರಿಕೆಗಳಲ್ಲಿ ಇಂಗ್ಲಿಷ್: ಈ ಮೂರರ ನಡುವೆ ನಿಂತು ಹುಡುಗ ನ್ಯೂಟನ್ನನ ನಿಯಮ ಕಲಿಯಬೇಕಾಗಿತ್ತು.

ಎರಡೂ ಬಾಗಿಲುಗಳಿಂದ ದೊಡ್ಡವರು ಹೊರಬಂದಿದ್ದಾರೆ. ಉಸ್ಮಾನಿಯಾದಲ್ಲಿ ಓದಿದ ರಜೀಯುದ್ದೀನ್ ಸಿದ್ದಿಕಿ ಕೇಂಬ್ರಿಜ್‌ಗೆ ಹೋಗಿ, ಆಮೇಲೆ ಲೈಪ್‌ಜಿಗ್‌ನಲ್ಲಿ ಹೈಸೆನ್‌ಬರ್ಗರ ಬಳಿ ಸಂಶೋಧನೆ ಮಾಡಿ ಮರಳಿ ಉಸ್ಮಾನಿಯಾದಲ್ಲೇ ಕಲಿಸಿದರು. ಹೊಸ ಕ್ವಾಂಟಂ ಸಿದ್ಧಾಂತ ಯುರೋಪಿನಲ್ಲಿ ಇನ್ನೂ ಬಿಸಿಯಾಗಿದ್ದಾಗಲೇ ಅದು ದಖ್ಖನಿನ ತರಗತಿಗೆ ಬಂದಿತ್ತು ಎಂಬುದು ಸಣ್ಣ ಮಾತಲ್ಲ. ನಿಜಾಂ ಕಾಲೇಜಿನ ಬಾಗಿಲಿನಿಂದ ಬಂದವರು ವೇಣು ಬಾಪು. ಅವರ ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸದಲ್ಲಿದ್ದರು. ಮಗ ಭೌತಶಾಸ್ತ್ರ ಓದಿ ಹಾರ್ವರ್ಡ್‌ಗೆ ಹೋದರು. 1949ರಲ್ಲಿ ಅವರು ಇಬ್ಬರು ಸಂಗಾತಿಗಳೊಂದಿಗೆ ಕಂಡುಹಿಡಿದ ಧೂಮಕೇತುವಿಗೆ ಅವರ ಹೆಸರೂ ಸೇರಿದೆ. ಯಾವ ಬಾಗಿಲು ಸರಿ ಎಂಬ ಪ್ರಶ್ನೆಗೆ ಈ ಇಬ್ಬರ ಬದುಕು ಉತ್ತರ ಕೊಡುವುದಿಲ್ಲ. ಮನೆಯಲ್ಲಿ, ಊರಲ್ಲಿ ಆಧಾರ ಇದ್ದವನಿಗೆ ಎರಡೂ ಬಾಗಿಲು ತೆರೆದಿದ್ದವು ಎಂಬುದನ್ನಷ್ಟೇ ಹೇಳುತ್ತದೆ.

ಆಧಾರ ಇಲ್ಲದವರ ಕತೆ ಬೇರೆ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತ ಒಕ್ಕೂಟಕ್ಕೆ ಸೇರಿತು. ಅದರ ಬೆನ್ನಲ್ಲೇ ಉಸ್ಮಾನಿಯಾದಲ್ಲಿ ಉರ್ದು ಹೋಗಿ ಇಂಗ್ಲಿಷ್ ಮಾಧ್ಯಮ ಬಂತು. ತಬೀಯಾತ್ ಕಲಿಯುತ್ತಿದ್ದವರು ಫಿಸಿಕ್ಸ್ ಬರೆಯಬೇಕಾಯಿತು. ಮೂವತ್ತು ವರ್ಷ ಕಟ್ಟಿದ ಪದಕೋಶ ಕಪಾಟಿಗೆ ಸೇರಿತು. ಮಾಧ್ಯಮ ಬದಲಾಯಿಸುವ ಆದೇಶಕ್ಕೆ ಒಂದು ದಿನ ಸಾಕು. ಅರ್ಧ ಓದಿದ ವಿದ್ಯಾರ್ಥಿಯ ತಲೆಯಲ್ಲಿ ಆ ಬದಲಾವಣೆ ನಡೆಯಲು ಎಷ್ಟು ದಿನ ಬೇಕು ಎಂಬುದನ್ನು ಯಾವ ಆದೇಶವೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಮತ್ತೆ ಬೇಕಾಗುತ್ತದೆ.

ಧಾರವಾಡದ ಅಂಕಪಟ್ಟಿ

1956ರ ನವೆಂಬರ್ 1ರಂದು ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಕಾಲೇಜುಗಳು ಉಸ್ಮಾನಿಯಾದ ಕೈಬಿಟ್ಟು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಹೈದರಾಬಾದ್ ಕಡೆಗೆ ನೋಡುತ್ತಿದ್ದ ಊರು ಈಗ ಪಶ್ಚಿಮಕ್ಕೆ ತಿರುಗಬೇಕಾಯಿತು. ಪಠ್ಯಕ್ರಮ ಧಾರವಾಡದ್ದು, ಪ್ರಶ್ನೆಪತ್ರಿಕೆ ಧಾರವಾಡದ್ದು, ಅಂಕಪಟ್ಟಿ ಧಾರವಾಡದ್ದು. ಎಂ.ಎಸ್ಸಿ. ಬೇಕೆಂದರೆ ಅಲ್ಲಿಗೇ ಹೋಗಬೇಕು.

ಇಂದು ನಾವು ಕಾಂಬಿನೇಷನ್ ಎನ್ನುವ ಮೂರು ವಿಷಯಗಳ ಪದವಿ ಈ ಭಾಗದಲ್ಲಿ ಬೇರೂರಿದ್ದು ಇದೇ ಕಾಲದಲ್ಲಿ. ಇದರ ಮೂಲ ಇನ್ನೂ ಹಿಂದಿನದು. ಬ್ರಿಟಿಷ್ ಇಂಡಿಯಾದ ವಿಶ್ವವಿದ್ಯಾಲಯಗಳಲ್ಲಿ ಎರಡು ದಾರಿಗಳಿದ್ದವು. ಒಂದು ಆನರ್ಸ್: ಒಂದೇ ವಿಷಯವನ್ನು ಆಳಕ್ಕೆ ಓದುವುದು, ಕೆಲವೇ ಕಾಲೇಜುಗಳಲ್ಲಿ, ಕೆಲವೇ ವಿದ್ಯಾರ್ಥಿಗಳಿಗೆ. ಇನ್ನೊಂದು ಸಾಮಾನ್ಯ ಪದವಿ: ಎರಡು ಮೂರು ವಿಷಯಗಳನ್ನು ಒಟ್ಟಿಗೆ ಓದುವುದು, ಉಳಿದೆಲ್ಲರಿಗೆ. ಎಸ್. ಚಂದ್ರಶೇಖರ್ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದಲ್ಲಿ ಆನರ್ಸ್ ಮಾಡಿದವರು. ಅವರಿಗೆ ಮನಸ್ಸಿದ್ದದ್ದು ಗಣಿತದ ಮೇಲೆ. ತಂದೆಯ ಒಲವು ಭೌತಶಾಸ್ತ್ರದ ಕಡೆಗಿತ್ತು. ಮಗ ಭೌತಶಾಸ್ತ್ರಕ್ಕೆ ಹೆಸರು ಬರೆಸಿ ಗಣಿತದ ತರಗತಿಗಳಿಗೂ ಹೋಗಿ ಕೂತ. ಅಂದರೆ ದೊಡ್ಡ ಕಾಲೇಜಿನಲ್ಲಿ ಓದಿದ, ಮುಂದೆ ನೊಬೆಲ್ ಪಡೆದ ವಿಜ್ಞಾನಿಗೂ ಮನೆಯ ಮಾತು, ನೌಕರಿಯ ಲೆಕ್ಕ ತಪ್ಪಲಿಲ್ಲ. ಆದರೆ ಅವರಿಗೆ ಪಕ್ಕದ ಕೋಣೆಯಲ್ಲಿ ಗಣಿತದ ತರಗತಿ ನಡೆಯುತ್ತಿತ್ತು. ಹೋಗಿ ಕೂರಬಹುದಿತ್ತು.

ಕಲಬುರಗಿಗೆ ಸಿಕ್ಕದ್ದು ಸಾಮಾನ್ಯ ಪದವಿಯ ದಾರಿ. ಅದನ್ನು ಕಡಿಮೆ ದರ್ಜೆಯದೆಂದು ತಳ್ಳಿಹಾಕುವುದು ಸುಲಭ. ಆದರೆ ಆ ಕಾಲದ ಅಗತ್ಯ ನೋಡಿ. ಹೊಸ ರಾಜ್ಯದ ಹಿಂದುಳಿದ ಜಿಲ್ಲೆಗಳಲ್ಲಿ ಪ್ರೌಢಶಾಲೆಗಳು ತೆರೆಯುತ್ತಿದ್ದವು. ಒಂದೇ ಶಾಲೆಯಲ್ಲಿ ಒಬ್ಬನೇ ಮಾಸ್ತರು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರನ್ನೂ ಕಲಿಸಬೇಕಾಗಿತ್ತು. ಪಿಸಿಎಂ ಓದಿದವನು ಆ ಕೆಲಸಕ್ಕೆ ಹೇಳಿಮಾಡಿಸಿದಂತಿದ್ದ. ಕರ್ನಾಟಕದ ಶಾಲಾ ನೇಮಕಾತಿಯಲ್ಲಿ ವಿಜ್ಞಾನ ಶಿಕ್ಷಕರನ್ನು ಪಿಸಿಎಂ, ಸಿಬಿಝೆಡ್ ಎಂದು ವಿಂಗಡಿಸುವ ಪದ್ಧತಿ ಈಗಲೂ ಇದೆ. ಹೀಗಾಗಿ ಹಳ್ಳಿಯ ಮನೆಗಳಲ್ಲಿ ಒಂದು ಮಾತು ಗಟ್ಟಿಯಾಯಿತು: "ಮಾಸ್ತರ್ ಆಗ್ಬೇಕಂದ್ರ ಪಿಸಿಎಂನೇ ಬೇಕು ನೋಡು." ಅದು ಭೌತಶಾಸ್ತ್ರದ ಬಗೆಗಿನ ಅಭಿಪ್ರಾಯವಲ್ಲ, ಪಗಾರದ ಬಗೆಗಿನ ತಿಳಿವಳಿಕೆ. ಅದರಲ್ಲಿ ತಪ್ಪೂ ಇರಲಿಲ್ಲ.

ಇದೇ ಹೊತ್ತಿಗೆ ಇನ್ನೊಂದು ಘಟನೆ ಬಿ.ಎಸ್ಸಿ.ಯ ಬೆಲೆಯನ್ನೇ ಬದಲಾಯಿಸಿತು. 1958ರಲ್ಲಿ ಮಹಾದೇವಪ್ಪ ರಾಂಪುರೆಯವರ ಮುಂದಾಳತ್ವದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು. ಅದೇ ವರ್ಷ ಇಂಜಿನಿಯರಿಂಗ್ ಕಾಲೇಜು, 1963ರಲ್ಲಿ ವೈದ್ಯಕೀಯ ಕಾಲೇಜು ಬಂದವು. ದೊಡ್ಡಪ್ಪ ಅಪ್ಪ ಅವರು 1934ರಲ್ಲೇ ಹೆಣ್ಣುಮಕ್ಕಳ ಶಾಲೆಯಿಂದ ಆರಂಭಿಸಿದ ಶರಣಬಸವೇಶ್ವರ ವಿದ್ಯಾವರ್ಧಕ ಸಂಘವೂ ಬೆಳೆದು ವಿಜ್ಞಾನ ಕಾಲೇಜು ತೆರೆಯಿತು. ಊರಿಗೆ ಇದರಿಂದ ದೊಡ್ಡ ಲಾಭವಾಯಿತು. ಆದರೆ ಬಿ.ಎಸ್ಸಿ. ಭೌತಶಾಸ್ತ್ರದ ಸ್ಥಾನ ಸ್ವಲ್ಪ ಸ್ವಲ್ಪವಾಗಿ ಬದಲಾಯಿತು. ಊರಲ್ಲೇ ಇಂಜಿನಿಯರಿಂಗ್ ಸೀಟು ಇರುವಾಗ ಭೌತಶಾಸ್ತ್ರ ಮೊದಲ ಆಯ್ಕೆಯಾಗಿ ಉಳಿಯುವುದು ಕಷ್ಟ. 1994ರಿಂದ ಸಿಇಟಿ ಬಂದ ಮೇಲಂತೂ ಲೆಕ್ಕ ಸ್ಪಷ್ಟವಾಯಿತು: ರ‍್ಯಾಂಕ್ ಬಂದರೆ ಇಂಜಿನಿಯರಿಂಗ್, ಬಾರದಿದ್ದರೆ ಬಿ.ಎಸ್ಸಿ. ಪ್ರೀತಿಯಿಂದ ಭೌತಶಾಸ್ತ್ರಕ್ಕೆ ಬಂದವರೂ "ಸಿಇಟಿದಾಗ ಏನಾಯ್ತು?" ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಯಿತು.

ಜ್ಞಾನಗಂಗೆ ಮತ್ತು ಎಲೆಕ್ಟ್ರಾನಿಕ್ಸ್

1970ರಲ್ಲಿ ಧಾರವಾಡದ ವಿಶ್ವವಿದ್ಯಾಲಯ ಕಲಬುರಗಿಯಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು. 1980ರಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಊರ ಹೊರಗಿನ ಆವರಣಕ್ಕೆ ಜ್ಞಾನಗಂಗಾ ಎಂದು ಹೆಸರು. ಕಲಬುರಗಿ, ಬೀದರ್, ರಾಯಚೂರು, ಬಳ್ಳಾರಿ ಭಾಗದ ಬಿ.ಎಸ್ಸಿ. ವಿದ್ಯಾರ್ಥಿಗೆ ಈಗ ಎಂ.ಎಸ್ಸಿ. ಮನೆಗೆ ಹತ್ತಿರವಾಯಿತು. ಅದರಲ್ಲೂ ಹೆಣ್ಣುಮಕ್ಕಳಿಗೆ ಇದರ ಅರ್ಥ ದೊಡ್ಡದು. ಧಾರವಾಡಕ್ಕೆ ಕಳಿಸಲು ಒಪ್ಪದ ಮನೆ ಬಸ್ಸಿನಲ್ಲಿ ಹೋಗಿ ಸಂಜೆ ಮರಳುವ ಓದಿಗೆ ಒಪ್ಪುತ್ತಿತ್ತು. ಪದವಿಯ ವಿಷಯ ಆರಿಸುವಾಗ ಮುಂದಿನ ಎಂ.ಎಸ್ಸಿ. ಎಲ್ಲಿದೆ ಎಂಬ ಲೆಕ್ಕ ಮೊದಲ ಸಲ ಊರೊಳಗೇ ಬಂತು.

ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ವಿಭಾಗದ ಜೊತೆಗೆ ಅನ್ವಯಿಕ ಎಲೆಕ್ಟ್ರಾನಿಕ್ಸ್‌ನ ವಿಭಾಗವೂ ಬಂತು. ಇದರ ಪರಿಣಾಮ ಕೆಳಗಿನ ಕಾಲೇಜುಗಳ ಮೇಲೆ ಬೀಳುವುದು ಸಹಜ. ಭೌತಶಾಸ್ತ್ರ–ಗಣಿತ–ಎಲೆಕ್ಟ್ರಾನಿಕ್ಸ್ ಎಂಬ ಜೋಡಣೆಗೆ ಮುಂದೊಂದು ದಾರಿ ಕಂಡಿತು. ಟಿ.ವಿ., ದೂರವಾಣಿ ವಿನಿಮಯ ಕೇಂದ್ರ, ಆಮೇಲೆ ಕಂಪ್ಯೂಟರ್ ಊರೂರಿಗೆ ಬರುತ್ತಿದ್ದ ಕಾಲದಲ್ಲಿ ಟ್ರಾನ್ಸಿಸ್ಟರ್ ತಿಳಿದವನಿಗೆ ಮರ್ಯಾದೆ ಇತ್ತು. 1990ರ ದಶಕದ ನಂತರ ಅದರ ಜಾಗಕ್ಕೆ ನಿಧಾನವಾಗಿ ಕಂಪ್ಯೂಟರ್ ಸೈನ್ಸ್ ಬಂದು ಕೂತಿತು. "ಕಂಪ್ಯೂಟರ್ ತಗೋ, ನೌಕರಿ ಸಿಗ್ತದ" ಎಂಬುದು ಹೊಸ ತಲೆಮಾರಿನ ಕಾಕಾಗಳ ಮಾತು.

ಈ ಮೂರು ಜೋಡಣೆಗಳು ಭೌತಶಾಸ್ತ್ರದ ವಿದ್ಯಾರ್ಥಿಗೆ ನಿಜವಾಗಿ ಏನು ಕೊಡುತ್ತವೆ ಎಂದು ಸ್ವಲ್ಪ ನಿಂತು ನೋಡುವುದು ಒಳ್ಳೆಯದು. ರಸಾಯನಶಾಸ್ತ್ರ ಓದಿದವನಿಗೆ ಉಷ್ಣಬಲ ವಿಜ್ಞಾನ, ಪರಮಾಣು ರಚನೆ, ರೋಹಿತ ಶಾಸ್ತ್ರ ಎರಡೆರಡು ಸಲ, ಎರಡು ಕಡೆಯಿಂದ ಸಿಗುತ್ತವೆ. ಮುಂದೆ ಪದಾರ್ಥ ವಿಜ್ಞಾನದಲ್ಲಿ ಸಂಶೋಧನೆ ಮಾಡುವವರಿಗೆ ಇದು ದೊಡ್ಡ ಬಂಡವಾಳ. ಎಲೆಕ್ಟ್ರಾನಿಕ್ಸ್ ಓದಿದವನು ಪ್ರಯೋಗಾಲಯದಲ್ಲಿ ಅಳತೆಯ ಉಪಕರಣಕ್ಕೆ ಹೆದರುವುದಿಲ್ಲ. ಅದು ಕೆಟ್ಟರೆ ಬಿಚ್ಚಿ ನೋಡುತ್ತಾನೆ. ಕಂಪ್ಯೂಟರ್ ಸೈನ್ಸ್ ಓದಿದವನಿಗೆ ಕೈಯಿಂದ ಬಿಡಿಸಲಾಗದ ಸಮೀಕರಣವನ್ನು ಯಂತ್ರದಿಂದ ಬಿಡಿಸುವ ಅಭ್ಯಾಸ ಬರುತ್ತದೆ. ಇಂದಿನ ಖಗೋಳ ವಿಜ್ಞಾನದಿಂದ ಹವಾಮಾನ ವಿಜ್ಞಾನದವರೆಗೆ ಅದಿಲ್ಲದೆ ನಡೆಯುವುದಿಲ್ಲ. ಮೂರರಲ್ಲಿ ಯಾವುದೂ ಕೀಳಲ್ಲ.

ಗಣಿತದ ಮಾತು ಮಾತ್ರ ಬೇರೆ. ಮೊದಲ ವರ್ಷದ ಯಂತ್ರಶಾಸ್ತ್ರವನ್ನು ಪಿಯುಸಿಯ ಕಲನಶಾಸ್ತ್ರದಿಂದ ಹೇಗೋ ದಾಟಬಹುದು. ವಿದ್ಯುತ್‌ಕಾಂತತ್ವಕ್ಕೆ ಬಂದರೆ ಸದಿಶ ಕಲನ ಬೇಕು. ಕ್ವಾಂಟಂ ಯಂತ್ರಶಾಸ್ತ್ರಕ್ಕೆ ಅವಕಲ ಸಮೀಕರಣ, ಮಾತೃಕೆಗಳು ಬೇಕು. ಎಷ್ಟೋ ಕಡೆ ಎಂ.ಎಸ್ಸಿ. ಭೌತಶಾಸ್ತ್ರದ ಪ್ರವೇಶಕ್ಕೆ ಪದವಿಯಲ್ಲಿ ಗಣಿತ ಓದಿರಬೇಕೆಂಬ ನಿಯಮ ಇರುವುದು ಸುಮ್ಮನೆ ಅಲ್ಲ. ಹಳೆಯ ಮೂರು ವಿಷಯಗಳ ಪದವಿಗೆ ಎಷ್ಟೇ ಕೊರತೆ ಇದ್ದರೂ ಒಂದು ಗುಣವಿತ್ತು: ಪಿಸಿಎಂ, ಪಿಎಂಇ, ಪಿಎಂಸಿಎಸ್ ಯಾವುದನ್ನು ಹಿಡಿದರೂ ನಡುವೆ ಗಣಿತ ಇತ್ತು. ವಿದ್ಯಾರ್ಥಿ ತಿಳಿಯದೆ ಆರಿಸಿದರೂ ಮುಂದಿನ ದಾರಿ ಮುಚ್ಚುತ್ತಿರಲಿಲ್ಲ.

ನಾಲ್ಕು ವರ್ಷದಲ್ಲಿ ಮೂರು ನಿಯಮ

2021ರಲ್ಲಿ ಕರ್ನಾಟಕ ಸರ್ಕಾರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲಿಗರಾಗಿ ಪದವಿ ತರಗತಿಗಳಿಗೆ ತಂದಿತು. ಮೂರು ವಿಷಯಗಳ ಜಾಗದಲ್ಲಿ ಎರಡು ಮುಖ್ಯ ವಿಷಯಗಳು ಬಂದವು. ಜೊತೆಗೆ ಮುಕ್ತ ಐಚ್ಛಿಕ ಪತ್ರಿಕೆ, ಕೌಶಲ್ಯದ ಪತ್ರಿಕೆಗಳು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಎರಡು ವರ್ಷ ಎರಡೂ ವಿಷಯ ಓದಿ, ಮೂರನೇ ವರ್ಷದಲ್ಲಿ ಯಾವುದನ್ನು ಪ್ರಧಾನವಾಗಿ ಓದಬೇಕೆಂದು ತೀರ್ಮಾನಿಸಬಹುದು.

ಕಾಗದದ ಮೇಲೆ ಇದರಲ್ಲೊಂದು ಒಳ್ಳೆಯ ವಿಚಾರವಿತ್ತು: ಆಯ್ಕೆಯನ್ನು ಮುಂದಕ್ಕೆ ಹಾಕುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷದ ಪದವಿ ಆರಂಭಿಸಿದಾಗ ಮೊದಲ ಮೂರು ಸೆಮಿಸ್ಟರ್‌ಗಳಲ್ಲಿ ಎಲ್ಲರೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಓದಬೇಕೆಂದು ಇಟ್ಟಿತು. ರುಚಿ ನೋಡಿದ ಮೇಲೆ ಪ್ರಧಾನ ವಿಷಯ. 2006ರಿಂದ ಆರಂಭವಾದ ಐಸರ್‌ಗಳಲ್ಲಿಯೂ ಹೀಗೆಯೇ ಮೊದಲು ಎಲ್ಲ ವಿಜ್ಞಾನ, ಆಮೇಲೆ ಒಂದು. ದೇಶದ ಅತಿ ಬುದ್ಧಿವಂತ ವಿದ್ಯಾರ್ಥಿಗಳಿಗೂ ಹದಿನೆಂಟನೇ ವಯಸ್ಸಿನಲ್ಲಿ ಆರಿಸುವುದು ಕಷ್ಟ ಎಂದು ಆ ಸಂಸ್ಥೆಗಳು ಒಪ್ಪಿಕೊಂಡಿವೆ. ಕಲಬುರಗಿಯ ಹುಡುಗಿ ಮಾತ್ರ ಅರ್ಜಿ ತುಂಬುವ ದಿನವೇ, ಕೌಂಟರಿನ ಮುಂದೆ ನಿಂತು, ಹಿಂದಿನ ಸಾಲಿನವರ ನೂಕಿನ ನಡುವೆ ಆರಿಸಬೇಕು.

ಹೊಸ ನೀತಿ ಅದನ್ನು ಸರಿಪಡಿಸಬಹುದಿತ್ತು. ಆದರೆ ಎರಡೇ ವಿಷಯಗಳೆಂದಾಗ ಒಂದು ಹೊಸ ಅಪಾಯ ಬಂತು. ಭೌತಶಾಸ್ತ್ರ–ಗಣಿತ ಹಿಡಿದವರು ಉಳಿದರು. ಭೌತಶಾಸ್ತ್ರ–ರಸಾಯನಶಾಸ್ತ್ರ ಅಥವಾ ಭೌತಶಾಸ್ತ್ರ–ಕಂಪ್ಯೂಟರ್ ಹಿಡಿದವರಿಗೆ ಗಣಿತ ಎಲ್ಲಿಂದ ಬರಬೇಕು? "ಸರ, ಮ್ಯಾಥ್ಸ್ ಬಿಟ್ರ ನಡೀತದೇನ್ರಿ?" ಎಂದು ಕೇಳಿದವರಿಗೆ ಸರಿಯಾದ ಉತ್ತರ ಹೇಳುವವರು ಆ ದಿನ ಕೌಂಟರಿನಲ್ಲಿ ಇರಬೇಕಿತ್ತು. ಎಲ್ಲ ಕಡೆ ಇರಲಿಲ್ಲ. ಸ್ವಾತಂತ್ರ್ಯ ಹೆಚ್ಚಾದಷ್ಟೂ ಸಲಹೆ ಕೊಡುವವರೂ ಹೆಚ್ಚಬೇಕು. ಹೆಚ್ಚಿದ್ದು ನಿಯಮಗಳ ಪುಟಗಳು ಮಾತ್ರ.

ಎರಡು ವರ್ಷ ಕಳೆಯಿತು. 2023ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚಿಸಿತು. ಅದರ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಆದೇಶ ಹೊರಟಿತು: 2024–25ರಿಂದ ಮತ್ತೆ ಮೂರು ವರ್ಷದ ಪದವಿ, ಮತ್ತೆ ಮೂರು ಮುಖ್ಯ ವಿಷಯಗಳು. ಹಾಗಾದರೆ ಒಂದೇ ಮನೆಯ ಮೂವರನ್ನು ಊಹಿಸಿಕೊಳ್ಳಿ. 2020ರಲ್ಲಿ ಸೇರಿದ ಅಕ್ಕನದು ಹಳೆಯ ಪಿಸಿಎಂ. 2022ರಲ್ಲಿ ಸೇರಿದ ಅಣ್ಣನದು ಎರಡು ವಿಷಯಗಳ ಪದವಿ. 2024ರಲ್ಲಿ ಸೇರಿದ ತಮ್ಮನದು ಮತ್ತೆ ಮೂರು ವಿಷಯ. ಮೂವರೂ ಬಿ.ಎಸ್ಸಿ. ಭೌತಶಾಸ್ತ್ರವೇ. ಅಕ್ಕನ ನೋಟ್ಸು ಅಣ್ಣನಿಗೆ ಪೂರ್ತಿ ಬರುವುದಿಲ್ಲ, ಅಣ್ಣನ ಅನುಭವ ತಮ್ಮನಿಗೆ ಸಲಹೆಯಾಗುವುದಿಲ್ಲ. ಬಡ ಮನೆಗಳಲ್ಲಿ ಮೊದಲು ಓದಿದವರ ಅನುಭವವೇ ದೊಡ್ಡ ಆಸ್ತಿ. ನಿಯಮಗಳ ಈ ತಿರುಗಾಟ ಸದ್ದಿಲ್ಲದೆ ಕಿತ್ತುಕೊಂಡದ್ದು ಆ ಆಸ್ತಿಯನ್ನು. 1948ರ ಮಾಧ್ಯಮ ಬದಲಾವಣೆಯ ಮಾತು ಇಲ್ಲಿ ಮತ್ತೆ ನೆನಪಾಗುತ್ತದೆ. ಆ ಆದೇಶಕ್ಕೂ ಈ ಆದೇಶಗಳಿಗೂ ಕಾರಣಗಳು ಬೇರೆ, ಆದರೆ ನಡುವೆ ಸಿಕ್ಕಿಕೊಂಡ ವಿದ್ಯಾರ್ಥಿಯ ಪಾಡು ಒಂದೇ.

ನಾನು ಹಳೆಯದೇ ಚೆಂದ ಎನ್ನುತ್ತಿಲ್ಲ. ಮೂರು ವಿಷಯಗಳಿಗೆ ಮರಳಿದ್ದರಿಂದ ಗಣಿತ ಉಳಿಯುವ ಸಾಧ್ಯತೆ ಹೆಚ್ಚಾಯಿತು, ಶಿಕ್ಷಕ ಹುದ್ದೆಯ ದಾರಿ ಸರಳವಾಯಿತು. ಆದರೆ ಆಯ್ಕೆಯನ್ನು ಮುಂದಕ್ಕೆ ಹಾಕುವ ಒಳ್ಳೆಯ ವಿಚಾರ ಬೇರೂರುವ ಮೊದಲೇ ಹೋಯಿತು.

ಕಮಲಾಪುರದಿಂದ ಜಗತ್ತಿಗೆ

ಜಗತ್ ಎಂದರೆ ಕಲಬುರಗಿಯವರಿಗೆ ಮೊದಲು ನೆನಪಾಗುವುದು ಲೋಕವಲ್ಲ, ಊರ ನಡುವಿನ ವೃತ್ತ. ಅಂಬೇಡ್ಕರ್ ಪ್ರತಿಮೆ ಇರುವ ಜಾಗ. ಜಯಂತಿಯ ಮೆರವಣಿಗೆ, ವಿದ್ಯಾರ್ಥಿಗಳ ಧರಣಿ, ವಿದ್ಯಾರ್ಥಿವೇತನ ಬಾರದಿದ್ದಾಗಿನ ಘೋಷಣೆ ಎಲ್ಲವೂ ಇಲ್ಲಿಯೇ. ಇಲ್ಲಿಂದ ಹುಮನಾಬಾದ್ ದಾರಿ ಹಿಡಿದು ಸುಮಾರು 35 ಕಿಲೋಮೀಟರ್ ಹೋದರೆ ಕಮಲಾಪುರ. ಕೆಂಪು ಬಾಳೆಹಣ್ಣಿಗೆ ಹೆಸರಾದ, ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಊರು. ಈಗ ತಾಲ್ಲೂಕು ಕೇಂದ್ರ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ತೆರೆದ ಮೇಲೆ ಕಮಲಾಪುರಕ್ಕೆ ರೈಲೂ ಬಂತು.

ಅಲ್ಲಿಯಂಥ ಊರುಗಳ ವಿದ್ಯಾರ್ಥಿಗೆ ಆಯ್ಕೆ ಎಂದರೆ ಏನು? ಮೊದಲನೆಯದು ದೂರ. ತಾಲ್ಲೂಕು ಮಟ್ಟದ ಕಾಲೇಜಿನಲ್ಲಿ ಯಾವ ವಿಷಯಗಳಿಗೆ ಉಪನ್ಯಾಸಕರಿದ್ದಾರೋ ಅವೇ ಆಯ್ಕೆಗಳು. ಪಟ್ಟಿಯಲ್ಲಿ ಐದು ಕಾಂಬಿನೇಷನ್ ಇದ್ದರೂ ಎಲೆಕ್ಟ್ರಾನಿಕ್ಸ್ ಕಲಿಸುವವರಿಲ್ಲದಿದ್ದರೆ ಅದು ಪಟ್ಟಿಯಲ್ಲಷ್ಟೇ ಇರುತ್ತದೆ. ಅತಿಥಿ ಉಪನ್ಯಾಸಕರ ನೇಮಕ ತಡವಾದರೆ ಸೆಮಿಸ್ಟರಿನ ಅರ್ಧ ಹೋಗಿರುತ್ತದೆ. ಭೌತಶಾಸ್ತ್ರಕ್ಕೆ ಪ್ರಯೋಗಾಲಯ ಬೇಕು: ರೋಹಿತಮಾಪಕ, ನ್ಯೂಟನ್ನನ ಉಂಗುರಗಳ ಸೂಕ್ಷ್ಮದರ್ಶಕ, ತಿರುಚು ಲೋಲಕ. ಇವು ಇಲ್ಲದ ಕಡೆ ಪ್ರಯೋಗ ಎಂದರೆ ರೆಕಾರ್ಡ್ ಪುಸ್ತಕ ಬರೆಯುವುದು. ಹೀಗಾಗಿ ಶಕ್ತಿ ಇದ್ದವರು ಬಸ್ ಪಾಸ್ ಮಾಡಿಸಿಕೊಂಡು ಕಲಬುರಗಿಗೆ ಬರುತ್ತಾರೆ. ಬೆಳಿಗ್ಗೆಯ ಬಸ್ಸು ತಪ್ಪಿದರೆ ಮೊದಲ ಪಿರಿಯಡ್ ಹೋಯಿತು. ಸಂಜೆಯ ಬಸ್ಸು ಹಿಡಿಯಬೇಕಾದ್ದರಿಂದ ಪ್ರಯೋಗಾಲಯದಲ್ಲಿ ಅರ್ಧ ಗಂಟೆ ಹೆಚ್ಚು ಕೂರಲಾಗುವುದಿಲ್ಲ.

ಎರಡನೆಯದು ಭಾಷೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ವೇಗ, ವೇಗೋತ್ಕರ್ಷ ಕಲಿತವರು ಪಿಯುಸಿಯಲ್ಲಿ ವೆಲಾಸಿಟಿ, ಆಕ್ಸಲರೇಷನ್ ಎನ್ನಬೇಕು. ತಬೀಯಾತ್ ಕಲಿತವರಿಗೆ ಬಂದ ಕಷ್ಟ ಇವರಿಗೆ ಪ್ರತಿ ವರ್ಷವೂ ಬರುತ್ತದೆ. ಸಂಸ್ಥಾನದ ಭಾಷೆ ಬದಲಾದದ್ದು ಒಮ್ಮೆ. ನಮ್ಮಲ್ಲಿ ಹತ್ತನೇ ತರಗತಿ ದಾಟುವ ಪ್ರತಿಯೊಬ್ಬರಿಗೂ ಅದು ಬದಲಾಗುತ್ತದೆ.

ಆದರೂ ಹಿಂದಿಗಿಂತ ಈಗ ದಾರಿಗಳು ಹೆಚ್ಚಿವೆ. 2009ರಲ್ಲಿ ಆಳಂದ ತಾಲ್ಲೂಕಿನ ಕಡಗಂಚಿಗೆ ಕೇಂದ್ರೀಯ ವಿಶ್ವವಿದ್ಯಾಲಯ ಬಂತು. ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ 371 (ಜೆ) ವಿಧಿ ಸೇರಿದ ಮೇಲೆ ಈ ಭಾಗದ ರಾಜ್ಯ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70 ಸೀಟುಗಳು, ರಾಜ್ಯದ ಉಳಿದೆಡೆ ಶೇ. 8 ಸೀಟುಗಳು ಸ್ಥಳೀಯರಿಗೆ ಮೀಸಲಾದವು. ಸರ್ಕಾರಿ ನೌಕರಿಯಲ್ಲಿಯೂ ಪಾಲು ಸಿಕ್ಕಿತು. ಇದರ ಇನ್ನೊಂದು ಮುಖವನ್ನೂ ನೋಡಬೇಕು. ಮೀಸಲು ಹುದ್ದೆಯ ಅಧಿಸೂಚನೆಯಲ್ಲಿ ಯಾವ ವಿಷಯಗಳನ್ನು ಓದಿರಬೇಕೆಂದು ಬರೆದಿರುತ್ತದೋ ಅದೇ ಮನೆಯಲ್ಲಿ ಕಾಂಬಿನೇಷನ್ ತೀರ್ಮಾನಿಸುತ್ತದೆ. ಹದಿನೆಂಟರ ಹುಡುಗಿ ಐದಾರು ವರ್ಷದ ನಂತರ ಬರಬಹುದಾದ ಅಧಿಸೂಚನೆಯನ್ನು ಊಹಿಸಿ ಇವತ್ತು ತನ್ನ ಮೂರನೆಯ ವಿಷಯ ಆರಿಸುತ್ತಾಳೆ. ಅದನ್ನು ದುರಾಸೆ ಎನ್ನುವವರು ಅವಳ ಮನೆಯ ಹೊಲ ಎಷ್ಟು ಎಕರೆ ಎಂದು ಕೇಳಿಲ್ಲ.

ಈ ಚರಿತ್ರೆಯಿಂದ ಇವತ್ತಿನ ವಿದ್ಯಾರ್ಥಿಗೆ ಏನಾದರೂ ಸಿಗುತ್ತದೆಯೇ? ನನಗೆ ಮೂರು ಮಾತು ಕಾಣುತ್ತವೆ. ಒಂದು, ಮೂರನೆಯ ವಿಷಯ ಯಾವುದಾದರೂ ಇರಲಿ, ಗಣಿತ ಬಿಡಬೇಡಿ. ಭಾಷೆ, ರಾಜ್ಯ, ವಿಶ್ವವಿದ್ಯಾಲಯ, ನೀತಿ ಎಲ್ಲ ಬದಲಾದರೂ ನೂರು ವರ್ಷದಿಂದ ಭೌತಶಾಸ್ತ್ರಕ್ಕೆ ಅದರ ಅಗತ್ಯ ಬದಲಾಗಿಲ್ಲ. ಎರಡು, ಕಾಕಾನ ಮಾತು ಕೇಳಿ, ಆದರೆ ಅವರು ಓದಿದ್ದು ಯಾವ ನಿಯಮದಲ್ಲಿ ಎಂದೂ ಕೇಳಿ. ಅವರ ಕಾಲದ ಸತ್ಯ ನಿಮ್ಮ ಕಾಲದಲ್ಲಿ ಸತ್ಯವಾಗಿರಬೇಕಿಲ್ಲ. ಮೂರು, ಸೇರುವ ಮೊದಲು ಕಾಲೇಜಿನ ಪಟ್ಟಿ ನೋಡಿದರೆ ಸಾಲದು. ಪ್ರಯೋಗಾಲಯದ ಬಾಗಿಲು ತೆರೆಸಿ ನೋಡಿ, ಆ ವಿಷಯ ಕಲಿಸುವವರು ಯಾರು ಎಂದು ಎರಡನೇ ವರ್ಷದವರನ್ನು ಕೇಳಿ.

ಇವು ವಿದ್ಯಾರ್ಥಿ ಮಾಡಬಹುದಾದ ಕೆಲಸಗಳು. ಸರ್ಕಾರ ಮಾಡಬೇಕಾದ ಕೆಲಸವೂ ದೊಡ್ಡದೇನಲ್ಲ. ಒಂದು ನಿಯಮದಲ್ಲಿ ಸೇರಿದ ವಿದ್ಯಾರ್ಥಿಯ ತಮ್ಮ ತಂಗಿಯರೂ ಅದೇ ನಿಯಮದಲ್ಲಿ ಓದಿ ಮುಗಿಸುವಷ್ಟು ಕಾಲ ಅದನ್ನು ಉಳಿಸುವುದು. ಮೊದಲ ಸೆಮಿಸ್ಟರ್ ಮುಗಿದ ಮೇಲೆ ಮೂರನೆಯ ವಿಷಯ ಬದಲಾಯಿಸಲು ಒಂದು ಅವಕಾಶ ಇಡುವುದು. ಪಟ್ಟಿಯಲ್ಲಿರುವ ಪ್ರತಿ ವಿಷಯಕ್ಕೂ ಜೂನ್ ತಿಂಗಳಲ್ಲೇ ಕಲಿಸುವವರನ್ನು ನೇಮಿಸುವುದು. ಇಷ್ಟಾದರೆ ಕಮಲಾಪುರದಿಂದ ಬೆಳಗಿನ ಬಸ್ಸು ಹತ್ತುವ ಹುಡುಗಿಗೆ ಕೌಂಟರಿನ ಮುಂದೆ ತನ್ನ ಮೂರನೆಯ ವಿಷಯ ಹೇಳಲು ಇಷ್ಟು ಹೆದರಿಕೆ ಇರುವುದಿಲ್ಲ.